ಏಕಾಂತದ ಬಹುವಚನ

ಒಬ್ಬನೇ ಇರುವುದು ಬೇರೆ, ಒಂಟಿಯಾಗಿರುವುದು ಬೇರೆ. ಮೊದಲನೆಯದು ಒಂದು ಸ್ಥಿತಿ, ಎರಡನೆಯದು ಒಂದು ನೋವು. ಕನ್ನಡದಲ್ಲಿ ಇವೆರಡಕ್ಕೂ ಬೇರೆಬೇರೆ ಮಾತುಗಳಿವೆ. ‘ಏಕಾಂತ’ವೆಂಬ ಮಾತಿನಲ್ಲಿ ಗೌರವವಿದೆ, ತಪಸ್ಸು, ಧ್ಯಾನ, ಆಪ್ತಸಂಭಾಷಣೆಗಳ ನೆನಪಿದೆ. ‘ಒಂಟಿತನ’ವೆಂಬ ಮಾತಿನಲ್ಲಿ ಜೋಡಿಯನ್ನು ಕಳೆದುಕೊಂಡ ಎತ್ತಿನ ಚಿತ್ರವಿದೆ. ಜಾತ್ರೆಯ ನಡುವೆ ನಿಂತೂ ಒಂಟಿಯಾಗಿರುವವರುಂಟು. ಊರಾಚೆಯ ಗುಡಿಸಲಿನಲ್ಲಿದ್ದೂ ಒಂಟಿಯಲ್ಲದವರುಂಟು. ಒಂಟಿತನವು ಏಕಾಂತವಾಗಿ ಮಾರ್ಪಡುವುದು ಯಾವ ಬಗೆಯಿಂದ ಎಂಬ ಪ್ರಶ್ನೆಯನ್ನು ಎಲ್ಲ ಧರ್ಮಗಳೂ ಕೇಳಿಕೊಂಡಿವೆ. ಕ್ರೈಸ್ತ ಶ್ರದ್ಧೆಯು ಅದಕ್ಕೆ ಕೊಟ್ಟಿರುವ ಉತ್ತರವನ್ನು, ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಈ ನೆಲದಲ್ಲಿ ನಿಂತು ಪರಿಶೀಲಿಸುವುದು ಇಂದಿನ ಉದ್ದೇಶ.

ಈ ನೆಲದಲ್ಲಿಯೇ ಏಕೆ ಎಂದು ವಾಚಕರು ಕೇಳಬಹುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡಾ 2ಕ್ಕಿಂತ ಕಡಮೆ. ಮಂಗಳೂರು, ಬೆಂಗಳೂರುಗಳಂತಹ ಕಡೆ ಅವರು ಗುಂಪಾಗಿದ್ದಾರೆ; ಅಲ್ಲಿ ಹಬ್ಬ ಬಂದರೆ ಬೀದಿಗೇ ತಿಳಿಯುತ್ತದೆ. ತುಂಗಭದ್ರೆಯ ಈ ದಂಡೆಯಲ್ಲಿ ಹಾಗಲ್ಲ. ಶಾಲೆಗೆ ವರ್ಗವಾಗಿ ಬಂದ ಉಪಾಧ್ಯಾಯಿನಿ, ಆಸ್ಪತ್ರೆಯ ದಾದಿ, ಸಂಡೂರಿನ ಗಣಿಯಲ್ಲಿಯೋ ತೋರಣಗಲ್ಲಿನ ಕಾರ್ಖಾನೆಯಲ್ಲಿಯೋ ದುಡಿಯುವ ತರುಣ, ಮಕ್ಕಳು ದೂರದ ಊರಿಗೆ ಹೋದ ಮೇಲೆ ಮನೆಯಲ್ಲಿ ಉಳಿದ ಮುದುಕಿ — ಇಂತಹವರ ಪಾಲಿಗೆ ಭಾನುವಾರದ ಒಂದು ಗಂಟೆಯನ್ನು ಬಿಟ್ಟರೆ ವಾರದ ಉಳಿದ ದಿನಗಳಲ್ಲಿ ತಮ್ಮ ಶ್ರದ್ಧೆಯ ಮಾತನ್ನು ಆಡಿಕೊಳ್ಳಲು ಪಕ್ಕದಲ್ಲಿ ಒಬ್ಬರೂ ಇರದಿರಬಹುದು. ನೆರೆಹೊರೆಯವರು ಒಳ್ಳೆಯವರೇ, ಉಗಾದಿಯ ಹೋಳಿಗೆ ಈ ಮನೆಗೂ ಬರುತ್ತದೆ, ಕ್ರಿಸ್ಮಸಿನ ತಿಂಡಿ ಆ ಮನೆಗೂ ಹೋಗುತ್ತದೆ. ಆದರೂ ಅಂತರಂಗದ ಒಂದು ಮೂಲೆಯಲ್ಲಿ ಅವರು ಒಬ್ಬೊಬ್ಬರೇ. ಆ ಮೂಲೆಯ ವಿಷಯವನ್ನೇ ನಾವು ಹೇಳಹೊರಟಿರುವುದು.

ಕನ್ನಡ ಬೈಬಲನ್ನು ಸಾಹಿತ್ಯದೃಷ್ಟಿಯಿಂದ ಓದುವವರಿಗೆ ಒಂದು ಸಂಗತಿ ತಟ್ಟನೆ ಕಾಣುತ್ತದೆ. ಯೇಸು ನಲವತ್ತು ದಿನ ಉಪವಾಸವಿದ್ದು ಶೋಧನೆಗೊಳಗಾದ ಸ್ಥಳವು ಯೂದಾಯ ದೇಶದ ನೀರಿಲ್ಲದ ಬೋಳು ಗುಡ್ಡಗಳ ಸೀಮೆ. ಅದನ್ನು ಹಳೆಯ ಕನ್ನಡ ಭಾಷಾಂತರವು ‘ಅಡವಿ’ ಎಂದು ಕರೆಯಿತು. ಇಸ್ರಾಯೇಲ್ಯರು ನಲವತ್ತು ವರ್ಷ ಅಲೆದ ಮರುಭೂಮಿಯ ಕಥೆಯುಳ್ಳ ಗ್ರಂಥಕ್ಕೆ ಕನ್ನಡದಲ್ಲಿ ‘ಅರಣ್ಯಕಾಂಡ’ವೆಂದೇ ಹೆಸರು. ಭೂಗೋಳದ ಮೇಷ್ಟರು ಇದನ್ನು ಒಪ್ಪಲಾರರು. ಆದರೆ ಭಾಷೆಯ ಮರ್ಮವನ್ನು ಬಲ್ಲವರು ಒಪ್ಪುತ್ತಾರೆ. ಮನುಷ್ಯನು ತನ್ನವರನ್ನು ಬಿಟ್ಟು ದೇವರೆದುರು ನಿಲ್ಲುವ ಸ್ಥಳ ಯಾವುದೆಂದು ಕನ್ನಡಿಗನನ್ನು ಕೇಳಿದರೆ, ಅವನಿಗೆ ತೋಚುವುದು ಮರಳುಗಾಡಲ್ಲ, ಅರಣ್ಯ. ರಾಮಾಯಣವು ಆ ಹೆಸರನ್ನು ಅವನ ಕಿವಿಯಲ್ಲಿ ಸಾವಿರ ವರ್ಷಗಳಿಂದ ಊದಿದೆ.

ಆ ರಾಮಾಯಣದ ಅರಣ್ಯಕಾಂಡವು ಮುಗಿಯುವುದು ಪಂಪಾಸರೋವರದ ತೀರದಲ್ಲಿ. ಪರಂಪರೆಯು ಆ ಸ್ಥಳವನ್ನು ಹಂಪಿ-ಆನೆಗೊಂದಿಗಳ ಈ ಬಂಡೆಗಳ ನಡುವೆಯೇ ಗುರುತಿಸುತ್ತದೆ. ಗುರುಗಳೆಲ್ಲರೂ ಹೊರಟುಹೋದ ಮೇಲೆ ಮತಂಗಾಶ್ರಮದಲ್ಲಿ ಶಬರಿಯು ಒಬ್ಬಳೇ ಉಳಿದಳು. ಅವಳ ಇರವನ್ನು ನಾವು ಒಂಟಿತನವೆಂದು ಕರೆಯುವುದಿಲ್ಲ; ಏಕೆಂದರೆ ಅವಳು ಕಾಡಿನ ಹಣ್ಣುಹಂಪಲನ್ನು ಆಯ್ದಿಟ್ಟುದು ತನ್ನೊಬ್ಬಳಿಗಾಗಿ ಅಲ್ಲ, ಬರಲಿರುವ ಅತಿಥಿಗಾಗಿ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಮಾಲ್ಯವಂತ ಬೆಟ್ಟವಿದೆ. ಮಳೆಗಾಲ ಕಳೆಯುವ ತನಕ ರಾಮನು ಅಗಲಿಕೆಯ ದುಃಖದಲ್ಲಿ ಅಲ್ಲಿ ತಂಗಿದ್ದನೆಂದು ಜನ ನಂಬುತ್ತಾರೆ. ಕಾಯುವುದೂ ಒಂದು ಬಗೆಯ ಸಾಧನೆಯೆಂಬುದು ಈ ಸೀಮೆಯ ಕಲ್ಲುಗಳಿಗೆ ಹೊಸತಲ್ಲ. ಕ್ರೈಸ್ತನು ತನ್ನ ಶಾಸ್ತ್ರದಲ್ಲಿ ‘ಅರಣ್ಯಕಾಂಡ’ವೆಂದು ಓದುವಾಗ, ನೆರೆಮನೆಯ ಹಿರಿಯರು ಅದೇ ಹೆಸರಿನ ಇನ್ನೊಂದು ಕಥೆಯನ್ನು ಓದುತ್ತಿರುತ್ತಾರೆ. ಕಥೆಗಳು ಬೇರೆ, ಅರ್ಥಗಳು ಬೇರೆ. ಅವನ್ನು ಒಂದೆನ್ನುವುದು ಎರಡಕ್ಕೂ ಅನ್ಯಾಯ. ಆದರೆ ಹೆಸರೊಂದೇ ಆದುದರಲ್ಲಿ ಒಂದು ಉಪಕಾರವಿದೆ. ‘ಕಾಂಡ’ವೆಂದರೆ ಗ್ರಂಥದ ಒಂದು ಭಾಗ ಮಾತ್ರ. ಅರಣ್ಯವು ಕಥೆಯ ಕೊನೆಯಲ್ಲ. ಅದರ ಮುಂದೆ ಇನ್ನೊಂದು ಕಾಂಡವಿದೆ.

ಇನ್ನು ಯೇಸುವಿನ ಉಪದೇಶಕ್ಕೆ ಬರೋಣ. ಪ್ರಾರ್ಥಿಸುವವನು ಬೀದಿಯ ಮೂಲೆಗಳಲ್ಲಿ ಜನ ನೋಡಲೆಂದು ನಿಲ್ಲಬಾರದು, ಕೋಣೆಯೊಳಕ್ಕೆ ಹೋಗಿ ಬಾಗಿಲು ಮುಚ್ಚಿಕೊಳ್ಳಬೇಕು ಎಂದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಅವನು ಹೇಳುತ್ತಾನೆ. ಇಲ್ಲಿ ಸಂಬೋಧನೆ ಏಕವಚನದಲ್ಲಿದೆ. ನೀನು, ನಿನ್ನ ಕೋಣೆ, ನಿನ್ನ ತಂದೆ. ಅದಾದ ಎರಡು ಮೂರು ವಾಕ್ಯಗಳಲ್ಲಿಯೇ, ಆ ಕೋಣೆಯಲ್ಲಿ ಹೇಳಬೇಕಾದ ಪ್ರಾರ್ಥನೆಯನ್ನೂ ಅವನು ಕಲಿಸುತ್ತಾನೆ. ಕರ್ತನ ಪ್ರಾರ್ಥನೆಯೆಂದು ಪ್ರಸಿದ್ಧವಾದ ಆ ಪ್ರಾರ್ಥನೆಯಲ್ಲಿ ‘ನಾನು’ ಎಂಬ ಮಾತೇ ಇಲ್ಲ. ತಂದೆಯೂ ನಮ್ಮವನು, ಅನ್ನವೂ ನಮ್ಮದು, ಕ್ಷಮೆ ಬೇಡುವ ತಪ್ಪುಗಳೂ ನಮ್ಮವು. ಬಾಗಿಲು ಮುಚ್ಚಿಕೊಂಡವನು ಒಬ್ಬ; ಬಾಯಿಂದ ಹೊರಡುವ ಮಾತು ಬಹುವಚನ.

ಇದು ವ್ಯಾಕರಣದ ಕುತೂಹಲವೆಂದು ಪಕ್ಕಕ್ಕಿಡಬಾರದು. ಕ್ರೈಸ್ತ ಏಕಾಂತದ ಸ್ವರೂಪವೆಲ್ಲ ಈ ಒಂದು ಬಹುವಚನದಲ್ಲಿ ಅಡಗಿದೆಯೆಂದು ನಾವು ತಿಳಿಯುತ್ತೇವೆ. ಬಳ್ಳಾರಿ ಸೀಮೆಯಲ್ಲಿ ಕನ್ನಡದ ಜೊತೆಗೆ ತೆಲುಗೂ ಅನೇಕರ ಮನೆಮಾತು. ತೆಲುಗಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡು ಹೇಳುವಾಗ ‘ಮನ’ ಎಂದೂ ಅವನನ್ನು ಬಿಟ್ಟು ಹೇಳುವಾಗ ‘ಮಾ’ ಎಂದೂ ಎರಡು ರೂಪಗಳಿವೆ. ಕನ್ನಡದ ‘ನಮ್ಮ’ ಎಂಬುದಕ್ಕೆ ಆ ಭೇದ ಗೊತ್ತಿಲ್ಲ. ಅದರೊಳಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ಹೇಳುವವನ ಹೃದಯವೇ ತೀರ್ಮಾನಿಸಬೇಕು. ಕಂಪ್ಲಿಯ ಒಂದು ಕೋಣೆಯಲ್ಲಿ ಒಬ್ಬಳೇ ಕುಳಿತು ‘ನಮ್ಮ ಅನ್ನ’ವೆಂದು ಬೇಡುವ ವಿಧವೆಯು, ಎದುರುಮನೆಯ ಹಸಿದ ಮಗುವನ್ನೂ ಆ ಮಾತಿನೊಳಕ್ಕೆ ಕರೆದುಕೊಂಡರೆ ಅವಳ ಕೋಣೆ ಹಿಗ್ಗುತ್ತದೆ, ಕರೆದುಕೊಳ್ಳದಿದ್ದರೆ ಪ್ರಾರ್ಥನೆಯಲ್ಲಿಯೂ ಆ ಕೋಣೆ ಇಕ್ಕಟ್ಟಾಗಿಯೇ ಉಳಿಯುತ್ತದೆ.

ಒಂಟಿತನವು ಮನುಷ್ಯನ ಲೆಕ್ಕವನ್ನು ತಪ್ಪಿಸುತ್ತದೆ. ಇದಕ್ಕೆ ಹಳೆಯ ಒಡಂಬಡಿಕೆಯಲ್ಲಿ ಎಲೀಯನ ಕಥೆಗಿಂತ ಉತ್ತಮವಾದ ನಿದರ್ಶನ ದೊರೆಯದು. ಅರಸಿಯ ಕೋಪಕ್ಕೆ ಹೆದರಿ ಓಡಿದ ಆ ಪ್ರವಾದಿಯು ಅಡವಿಯ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡಿದನು. ದೇವರು ಅವನಿಗೆ ಮೊದಲು ಕೊಟ್ಟುದು ಉಪದೇಶವನ್ನಲ್ಲ. ನಿದ್ರೆ, ರೊಟ್ಟಿ, ನೀರು. ಬಳಲಿದ ದೇಹಕ್ಕೆ ವೇದಾಂತ ಹೇಳಹೊರಡುವವರು ಈ ಕ್ರಮವನ್ನು ಗಮನಿಸಬೇಕು. ಆಮೇಲೆ ಹೋರೇಬ್ ಬೆಟ್ಟದ ಗವಿಯಲ್ಲಿ, ಬಿರುಗಾಳಿ ಭೂಕಂಪ ಬೆಂಕಿಗಳೆಲ್ಲ ಹಾದುಹೋದ ಮೇಲೆ, ಅತಿ ಮೆಲ್ಲನೆಯ ಒಂದು ಸ್ವರ ಅವನಿಗೆ ಕೇಳಿಸಿತು. ತಾನೊಬ್ಬನೇ ಉಳಿದಿರುವೆನೆಂದು ಎಲೀಯನು ಎರಡು ಸಲ ದೂರಿಕೊಂಡನು. ಅದಕ್ಕೆ ಬಂದ ಉತ್ತರದಲ್ಲಿ ಮೂರು ಅಂಶಗಳಿದ್ದವು: ಬಂದ ದಾರಿಯಲ್ಲಿ ಹಿಂದಿರುಗು, ಎಲೀಷನನ್ನು ನಿನ್ನ ಉತ್ತರಾಧಿಕಾರಿಯಾಗಿ ಅಭಿಷೇಕಿಸು, ನಿನ್ನ ಹಾಗೆಯೇ ಸುಳ್ಳುದೇವರಿಗೆ ಮಣಿಯದವರು ಇನ್ನೂ ಏಳು ಸಾವಿರ ಮಂದಿ ಇದ್ದಾರೆ. ಎಲೀಯನ ಲೆಕ್ಕದಲ್ಲಿ ಒಂದಾಗಿದ್ದುದು ದೇವರ ಲೆಕ್ಕದಲ್ಲಿ ಏಳು ಸಾವಿರವಾಗಿತ್ತು. ಗವಿಯಲ್ಲಿ ಅವನಿಗೆ ದೊರೆತದ್ದು ಅನುಭೂತಿ ಮಾತ್ರವಲ್ಲ, ಒಂದು ಕೆಲಸ ಮತ್ತು ಒಬ್ಬ ಜೊತೆಗಾರ.

ಈ ಸೀಮೆಯ ಚರಿತ್ರೆಯಲ್ಲಿಯೂ ಇದಕ್ಕೆ ಹತ್ತಿರದ ಒಂದು ದೃಷ್ಟಾಂತವಿದೆ. ದತ್ತಮಂಡಲಗಳು ಇಂಗ್ಲಿಷರ ಕೈಸೇರಿದುದು 1800ರಲ್ಲಿ. ಅದಾದ ಹತ್ತು ವರ್ಷಕ್ಕೆ, 1810ರಲ್ಲಿ, ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದನು. ಅಲ್ಲಿ ಸೈನ್ಯದ ದಂಡಿತ್ತು, ಅವನ ದೇಶದವರೂ ಇದ್ದರು. ಆದರೆ ಯಾವ ಜನರ ನಡುವೆ ಬದುಕಲು ಬಂದನೋ ಅವರ ಮಾತು ಅವನಿಗೆ ಬಾರದು. ಭಾಷೆಯಿಲ್ಲದ ಒಂಟಿತನವು ಉಳಿದ ಒಂಟಿತನಗಳಿಗಿಂತ ಕ್ರೂರವಾದುದೆಂಬುದನ್ನು ಪರದೇಶಕ್ಕೆ ಹೋದ ನಮ್ಮ ವಿದ್ಯಾರ್ಥಿಗಳು ಬಲ್ಲರು. ಇಂದಿನ ಸೌಕರ್ಯಗಳು ಆಗ ಇರಲಿಲ್ಲ. ರೀವ್ ಸಾಹೇಬರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದುದು 1832ರಲ್ಲಿ, ಕಿಟೆಲ್ ಸಾಹೇಬರದು 1894ರಲ್ಲಿ. ಕನ್ನಡವನ್ನು ಕನ್ನಡಿಗರ ಬಾಯಿಂದಲೇ ಕೇಳಿ ಕಲಿಯಬೇಕಾಗಿತ್ತು. ಹಾಗೆ ಕಲಿತು, ಹ್ಯಾಂಡ್ಸ್ ಮತ್ತು ಅವನ ಜೊತೆಗಾರ ವಿಲಿಯಮ್ ರೀವ್ ಇವರ ಶ್ರಮದಿಂದ ಸಂಪೂರ್ಣ ಬೈಬಲು ಕನ್ನಡದಲ್ಲಿ ಸಿದ್ಧವಾದುದು 1831ರಲ್ಲಿ. ಒಂದು ಪುಸ್ತಕಕ್ಕೆ ಎರಡು ದಶಕಗಳು!

ಭಾಷಾಂತರಕಾರನ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಅದರ ಏಕಾಂತದ ಬಗೆ ತಿಳಿದಿದೆ. ಒಂದು ಶಬ್ದದ ಮುಂದೆ ಗಂಟೆಗಟ್ಟಲೆ ಕೂರಬೇಕು. ಆ ಹೊತ್ತಿನಲ್ಲಿ ಯಾರೂ ಅವನ ಸಹಾಯಕ್ಕೆ ಬರಲಾರರು. ಆದರೆ ಅವನು ಹುಡುಕುತ್ತಿರುವ ಶಬ್ದವು ಅವನದಲ್ಲ, ಬೇರೆಯವರ ನಾಲಗೆಯ ಮೇಲಿರುವುದು. ಸರಿಯೋ ತಪ್ಪೋ ಎಂದು ಹೇಳಬೇಕಾದವರೂ ಅವರೇ. ಕನ್ನಡ ಬಲ್ಲ ಪಂಡಿತರ, ಶಾಲಾ ಉಪಾಧ್ಯಾಯರ, ಸಂತೆಯ ಜನರ ನೆರವಿಲ್ಲದೆ ಪರದೇಶದವನೊಬ್ಬನು ಇಂತಹ ಗ್ರಂಥವನ್ನು ಮುಗಿಸಲಾರನು. ಮುಖಪುಟದಲ್ಲಿ ಅವರ ಹೆಸರು ಇಲ್ಲದಿದ್ದರೂ ಒಳಗಿನ ಮಾತು ಅವರದೇ. ಆ ಮೊದಲ ಭಾಷಾಂತರದ ಕನ್ನಡವು ಒರಟೆಂದು ವಿಮರ್ಶಕರು ಹೇಳಬಹುದು, ಆಮೇಲೆ ಅದು ಅನೇಕ ಸಲ ಪರಿಷ್ಕೃತವಾಯಿತು. ಮಿಷನರಿಗಳ ಉದ್ದೇಶದ ವಿಷಯದಲ್ಲಿಯೂ ಭಿನ್ನಾಭಿಪ್ರಾಯಗಳಿವೆ, ಅವು ಇರತಕ್ಕವೇ. ಇಲ್ಲಿ ನಮಗೆ ಮುಖ್ಯವಾದುದು ಇಷ್ಟು: ಒಬ್ಬ ಮನುಷ್ಯನ ಇಪ್ಪತ್ತು ವರ್ಷಗಳ ಏಕಾಂತವು ಇನ್ನೊಬ್ಬರ ಕೋಣೆಯ ದೀಪವಾಯಿತು. ಸಂಡೂರಿನಲ್ಲಿಯೋ ಹೊಸಪೇಟೆಯಲ್ಲಿಯೋ ರಾತ್ರಿ ಒಬ್ಬರೇ ಕುಳಿತು ಕನ್ನಡದಲ್ಲಿ ಕೀರ್ತನೆಗಳನ್ನು ಓದಿಕೊಳ್ಳುವವರು ಇಂದಿಗೂ ಆ ಶ್ರಮದ ಋಣದಲ್ಲಿದ್ದಾರೆ.

ಇಷ್ಟು ಹೇಳಿದಮೇಲೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಏಕಾಂತದ ಮಹಿಮೆಯನ್ನು ಹೊಗಳುತ್ತ ಒಂಟಿತನದ ನೋವನ್ನು ಅಲ್ಲಗಳೆಯುವವರು ನಮ್ಮಲ್ಲಿ ಕಡಮೆಯಿಲ್ಲ. ‘ದೇವರಿದ್ದಾನೆ, ನಿನಗೇನು ಕೊರತೆ?’ ಎಂದು ಹೇಳಿ ಮನೆಗೆ ನಡೆಯುವುದು ಸುಲಭ. ಸುವಾರ್ತೆಯು ಇಂತಹ ಸುಲಭಕ್ಕೆ ಅವಕಾಶ ಕೊಡುವುದಿಲ್ಲ. ಗೆತ್ಸೇಮನೆಯ ತೋಟದಲ್ಲಿ ಯೇಸುವೇ ತನ್ನ ಮೂವರು ಶಿಷ್ಯರನ್ನು ಎಚ್ಚರವಾಗಿದ್ದು ಜೊತೆಗಿರಿರೆಂದು ಕೇಳಿಕೊಂಡನು. ಅವರು ನಿದ್ರೆಹೋದರು. ಆ ನಿದ್ರೆಯಿಂದ ಅವನಿಗೆ ನೋವಾಯಿತು. ಆ ನೋವನ್ನು ಅವನು ಮುಚ್ಚಿಡಲೂ ಇಲ್ಲ. ಆದುದರಿಂದ ಜೊತೆಯನ್ನು ಬಯಸುವುದು ಶ್ರದ್ಧೆಯ ಕೊರತೆಯೆಂದು ಯಾರೂ ಹೇಳಬಾರದು. ಶಿಲುಬೆಯ ಮೇಲೆ ಅವನು ಕೂಗಿದ ಕೂಗು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಮಾತು. ಕೈಬಿಡಲ್ಪಟ್ಟವನ ಮೊರೆ ಅದು. ಆ ಕೀರ್ತನೆಯನ್ನು ಕೊನೆಯವರೆಗೆ ಓದಿದವರಿಗೆ, ‘ನಾನು’ ಎಂದು ಆರಂಭವಾದ ಗೋಳು ಮಹಾಸಭೆಯ ನಡುವಿನ ಸ್ತುತಿಯಾಗಿ ಬೆಳೆಯುವುದು ಗೊತ್ತು. ಯೋಹಾನನು ಹೇಳುವಂತೆ, ಆ ಯಾತನೆಯ ನಡುವೆಯೂ ಅವನು ತನ್ನ ತಾಯಿಯನ್ನು ಶಿಷ್ಯನೊಬ್ಬನ ವಶಕ್ಕೆ ಒಪ್ಪಿಸಿದನು. ಸಾಯುವವನು ಉಳಿದವರ ಒಂಟಿತನಕ್ಕೆ ಏರ್ಪಾಡು ಮಾಡಿದನು. ಮಂಜೇಶ್ವರದ ಗೋವಿಂದ ಪೈಗಳು, ತಾವು ಕ್ರೈಸ್ತರಲ್ಲದಿದ್ದರೂ, ‘ಗೊಲ್ಗೊಥಾ’ ಎಂಬ ಖಂಡಕಾವ್ಯದಲ್ಲಿ ಈ ಕೊನೆಯ ದಿನವನ್ನೇ ಆರಿಸಿಕೊಂಡರು. ಆ ಏಕಾಕಿತನದಲ್ಲಿ ಮಾನವಕುಲಕ್ಕೆಲ್ಲ ಸಂಬಂಧಿಸಿದ್ದೇನೋ ಇದೆಯೆಂದು ಕನ್ನಡದ ಕವಿಹೃದಯಕ್ಕೆ ತೋರಿದುದು ಸಣ್ಣ ಸಂಗತಿಯಲ್ಲ.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ ಈ ಪ್ರಶ್ನೆ ಪುಸ್ತಕದಿಂದ ಹೊರಬಂದು ಮನೆಮನೆಯೊಳಗೆ ನಿಂತಿತು. ಆ ವರ್ಷದ ಶುಭ ಶುಕ್ರವಾರವು ಏಪ್ರಿಲ್ 10ರಂದು, ಈಸ್ಟರ್ ಹಬ್ಬವು 12ರಂದು ಬಂದವು. ದೇವಾಲಯಗಳಿಗೆ ಬೀಗವಿತ್ತು, ಜಾತ್ರೆ, ಉರುಸು, ಉತ್ಸವಗಳೂ ನಿಂತಿದ್ದವು. ಹಂಪಿಯ ರಥಬೀದಿಯು ಬಿಕೋ ಎನ್ನುತ್ತಿತ್ತು. ಆಗ ಅನೇಕರು ಮೊದಲ ಬಾರಿಗೆ ಮುಚ್ಚಿದ ಕೋಣೆಯಲ್ಲಿ ಕರ್ತನ ಪ್ರಾರ್ಥನೆಯನ್ನು ಒಬ್ಬರೇ ಹೇಳಿಕೊಂಡರು. ಕೆಲವರಿಗೆ ಅದು ವರವಾಯಿತು, ಕೆಲವರಿಗೆ ಶಿಕ್ಷೆಯಾಯಿತು. ವ್ಯತ್ಯಾಸವೆಲ್ಲಿತ್ತೆಂದು ಯೋಚಿಸಿದರೆ ಒಂದು ಅಂಶ ಗೋಚರಿಸುತ್ತದೆ. ದೂರವಾಣಿಯಲ್ಲಿ ವಿಚಾರಿಸುವವರು ಯಾರಿಗಿದ್ದರೋ, ಅಥವಾ ಯಾರು ಇನ್ನೊಬ್ಬರನ್ನು ವಿಚಾರಿಸುತ್ತಿದ್ದರೋ, ಅವರ ಬಾಗಿಲು ಮುಚ್ಚಿದ್ದರೂ ಕೋಣೆ ಮುಚ್ಚಿರಲಿಲ್ಲ.

ಸಂಡೂರಿನ ಕಣಿವೆಯನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ಮನಸ್ಸಿಗೆ ಬರುತ್ತದೆ. ಸುತ್ತಲೂ ಬೆಟ್ಟದ ಸಾಲು ಕೋಟೆಯಂತೆ ನಿಂತಿದೆ. ಆದರೂ ನಾರಿಹಳ್ಳವು ಬೆಟ್ಟ ಸೀಳಿದ ಗಂಡಿಗಳ ಮೂಲಕ ಒಳಗೆ ಬಂದು ಹೊರಗೆ ಹೋಗುತ್ತದೆ. ಬೆಟ್ಟವಿರುವುದರಿಂದ ಕಣಿವೆಗೆ ತಂಪು. ಗಂಡಿಯಿರುವುದರಿಂದ ಅದು ಕೆರೆಯಾಗಿ ಕೊಳೆಯದೆ ಊರಾಗಿ ಉಳಿದಿದೆ. ಏಕಾಂತಕ್ಕೂ ಇವೆರಡೂ ಬೇಕು. ಜರ್ಮನಿಯ ಪಾದ್ರಿ ಡೀಟ್ರಿಖ್ ಬೋನ್‌ಹೋಫರ್ 1939ರಲ್ಲಿ ಪ್ರಕಟಿಸಿದ ಸಹಜೀವನವನ್ನು ಕುರಿತ ಪುಸ್ತಕದಲ್ಲಿ ಇದೇ ವಿಚಾರವನ್ನು ಪ್ರತಿಪಾದಿಸಿದ್ದಾನೆ. ಒಬ್ಬನೇ ಇರಲಾರದವನು ಸಹವಾಸಕ್ಕೆ ತಕ್ಕವನಲ್ಲ, ಸಹವಾಸವನ್ನು ಒಲ್ಲದವನು ಏಕಾಂತಕ್ಕೂ ತಕ್ಕವನಲ್ಲ ಎಂಬುದು ಅವನ ಆಶಯ. 1943ರಲ್ಲಿ ನಾಜಿಗಳು ಅವನನ್ನು ಸೆರೆಯಲ್ಲಿಟ್ಟರು; 1945ರ ಏಪ್ರಿಲಿನಲ್ಲಿ ಗಲ್ಲಿಗೇರಿಸಿದರು. ಸೆರೆಮನೆಯಿಂದ ಅವನು ಬರೆದ ಪತ್ರಗಳು ಇಂದು ಲೋಕದ ಸೊತ್ತು. ತಾನು ಬರೆದುದನ್ನು ತಾನೇ ಬದುಕಿ ತೋರಿಸಬೇಕಾಗಿ ಬಂದವರ ಮಾತಿಗೆ ಬೇರೆಯ ತೂಕವಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಒಬ್ಬರೇ ಇರುವವರಿಗೆ ಒಂದು ಮಾತು, ಅವರನ್ನು ಒಬ್ಬರೇ ಬಿಟ್ಟವರಿಗೆ ಇನ್ನೊಂದು ಮಾತು ಹೇಳಬೇಕಾಗಿದೆ.

ಒಬ್ಬರೇ ಇರುವವರು ಆ ಸಮಯವನ್ನು ಬರಿಯ ಬಿಡುವೆಂದು ಭಾವಿಸದೆ ಅದಕ್ಕೊಂದು ನಿಯಮವನ್ನು ಕೊಟ್ಟುಕೊಳ್ಳುವುದು ಒಳಿತು. ಕ್ರೈಸ್ತಪರಂಪರೆಯಲ್ಲಿ ನಲವತ್ತು ದಿನಗಳ ತಪಸ್ಸುಕಾಲವು ಇದ್ದುದೇ ಇದಕ್ಕಾಗಿ. ಬಂಡೆಗಳು ಕಾಯತೊಡಗುವ, ಹೊಳೆ ಇಳಿಯುವ ಕಾಲದಲ್ಲಿಯೇ ಅದು ಪ್ರತಿವರ್ಷ ಇಲ್ಲಿಗೆ ಬರುತ್ತದೆ. ಬೆಳಗಿನ ಒಂದು ಗಳಿಗೆ, ಒಂದು ಕೀರ್ತನೆ, ಸ್ವಲ್ಪ ಮೌನ, ಆಮೇಲೆ ಹೆಸರು ಹಿಡಿದು ನಾಲ್ಕು ಮಂದಿಯ ಸ್ಮರಣೆ — ಇಷ್ಟಾದರೆ ಸಾಕು. ಆ ನಾಲ್ಕರಲ್ಲಿ ಒಂದು ಹೆಸರು ನಮಗೆ ಆಗದವರದಾಗಿದ್ದರೆ ‘ನಮ್ಮ’ ಎಂಬ ಮಾತು ನಿಜವಾಗತೊಡಗುತ್ತದೆ. ಸ್ಮರಿಸಿದವರಲ್ಲಿ ಒಬ್ಬರಿಗಾದರೂ ಅಂದು ಒಂದು ಕಾಗದ ಬರೆಯಬೇಕು, ಅಥವಾ ಅವರ ಮನೆಯ ಬಾಗಿಲನ್ನು ತಟ್ಟಬೇಕು. ನಸುಕಿನಲ್ಲೆದ್ದು ನಿರ್ಜನಸ್ಥಳದಲ್ಲಿ ಪ್ರಾರ್ಥಿಸುತ್ತಿದ್ದ ಯೇಸುವನ್ನು ಶಿಷ್ಯರು ಹುಡುಕಿಕೊಂಡು ಬಂದಾಗ, ಅವನು ಹೊರಟುದು ಪಕ್ಕದ ಊರುಗಳ ಕಡೆಗೆ ಎಂದು ಮಾರ್ಕನು ಬರೆದಿದ್ದಾನೆ. ಎಲ್ಲಿಗೂ ಕೊಂಡೊಯ್ಯದ ಏಕಾಂತವನ್ನು ಸ್ವಲ್ಪ ಸಂಶಯದಿಂದ ನೋಡಬೇಕು. ಮನಸ್ಸಿನ ಕತ್ತಲೆ ವಾರಗಟ್ಟಲೆ ಕವಿದು ಊಟ ನಿದ್ರೆಗಳು ಕೆಟ್ಟರೆ, ವೈದ್ಯರ ಬಳಿಗೆ ಹೋಗುವುದೂ ದೇವರು ಕೊಟ್ಟ ರೊಟ್ಟಿ ನೀರುಗಳನ್ನು ಸ್ವೀಕರಿಸಿದಂತೆಯೇ ಎಂದು ಎಲೀಯನ ಕಥೆ ಬಲ್ಲವರು ತಿಳಿಯಬೇಕು.

ಇನ್ನು ಸಭೆಗಳ ಹೊಣೆ. ಬಳ್ಳಾರಿಯ ಕಥೋಲಿಕ ಧರ್ಮಪ್ರಾಂತವು ಸ್ಥಾಪಿತವಾದುದು 1949ರಲ್ಲಿ. ಲಂಡನ್ ಮಿಷನಿನ ಪರಂಪರೆಯ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಸಂಸ್ಥೆಗಳಿಗೆ ಕಟ್ಟಡವಿದೆ, ಶಾಲೆಗಳಿವೆ, ಹಬ್ಬದ ಪಟ್ಟಿಯಿದೆ. ಪ್ರಾರ್ಥನೆಗೆ ಬಾರದವರ ಪಟ್ಟಿ ಯಾರ ಬಳಿಯಲ್ಲಿದೆ? ಮೂರು ವಾರ ಕಾಣದ ಮುದುಕರ ಮನೆಯ ದಾರಿ ಎಷ್ಟು ಮಂದಿಗೆ ಗೊತ್ತು? ತುಂಗಭದ್ರೆಯು ಉಕ್ಕಿ ಕಂಪ್ಲಿಯ ಸೇತುವೆ ಮುಳುಗಿದಾಗ ಗಂಗಾವತಿಯ ಕಡೆಯ ಸಂಚಾರ ನಿಲ್ಲುವುದುಂಟು. ನೀರಿಳಿದ ಕೂಡಲೆ ಎರಡು ದಡದವರೂ ದಾಟಲು ಕಾದು ನಿಂತಿರುತ್ತಾರೆ. ಮನೆಗಳ ನಡುವೆ ಮುಳುಗಿದ ಸೇತುವೆಗಳಿಗೆ ಆ ಕಾತರವಿಲ್ಲ. ನೀರಿಳಿದು ವರ್ಷಗಳಾದರೂ ಈ ದಡದವರು ಇಲ್ಲಿ, ಆ ದಡದವರು ಅಲ್ಲಿ. ‘ನಮ್ಮ ತಂದೆ’ ಎಂದು ನೂರು ಕಂಠಗಳು ಒಟ್ಟಾಗಿ ಹೇಳುವಾಗ ಆ ‘ನಮ್ಮ’ದಲ್ಲಿ ಬಿಟ್ಟುಹೋದವರು ಯಾರೆಂದು ಸಭೆಯು ಎಣಿಸಿಕೊಳ್ಳದಿದ್ದರೆ, ಆ ಒಕ್ಕೊರಲಿಗಿಂತ ಮುಚ್ಚಿದ ಕೋಣೆಯ ಒಂದು ಕ್ಷೀಣಸ್ವರವೇ ಹೆಚ್ಚು ಸತ್ಯವಾದೀತು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವು ಸ್ಥಾಪನೆಯಾದಂದಿನಿಂದ ನಾಡಿನ ನಾನಾ ಮೂಲೆಗಳ ತರುಣ ತರುಣಿಯರು ಇಲ್ಲಿಗೆ ಬಂದು ವರ್ಷಗಟ್ಟಲೆ ಒಂದೊಂದು ವಿಷಯದ ಮುಂದೆ ಒಬ್ಬೊಬ್ಬರೇ ಕೂರುತ್ತಾರೆ. ಯಾವ ಮತದವರೇ ಆಗಲಿ, ಮನೆಯಿಂದ ದೂರವಾದ ಆ ರಾತ್ರಿಗಳಲ್ಲಿ ಒಂಟಿತನವು ಬಂದು ಪಕ್ಕದಲ್ಲಿ ಕೂರುವುದು ಸಹಜ. ಅದನ್ನು ಓಡಿಸಲೆಂದು ಗದ್ದಲದ ಕಡೆಗೆ ಓಡಬೇಕಾದುದಿಲ್ಲ. ಈ ಕೆಲಸ ಯಾರಿಗಾಗಿ, ಈ ಅನ್ನದಲ್ಲಿ ಯಾರ ಪಾಲಿದೆ, ಈ ಮಾತು ಯಾರ ನಾಲಗೆಯಿಂದ ನನಗೆ ಬಂತು ಎಂದು ಕೇಳಿಕೊಂಡರೆ ಸಾಕು. ಉತ್ತರವಾಗಿ ಒಂದು ಹೆಸರು ಹೊಳೆದರೆ, ಮಾರನೆಯ ದಿನ ಬೆಳಗಾಗುತ್ತಲೇ ಆ ಹೆಸರಿನವರನ್ನು ಕಾಣಲು ಹೊರಡಬಹುದು.